ಡೌನ್ ಸಿಂಡ್ರೋಮ್ ಇರುವ ಮಗುವನ್ನು ಅಂಗನವಾಡಿಗೆ ಯಾವಾಗ ಕಳಿಸಬೇಕು?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ರೇಷ್ಮೆ ಸಾಕಿ ಬದುಕುವ ಕುಟುಂಬ. ಮೊದಲನೆಯವನು ಮಗ, ಎರಡನೆಯವಳು ಮಗಳು, ಅವಳಿಗೆ ಈಗ ಮೂರೂವರೆ ವರ್ಷ. ಹುಟ್ಟಿದ ವಾರದಲ್ಲೇ ಡಾಕ್ಟರು ಡೌನ್ ಸಿಂಡ್ರೋಮ್ ಎಂದು ಹೇಳಿದ್ದರು. ಎರಡು ವರ್ಷ ದಾಟಿದ ಮೇಲೆ ನಡೆದಳು, ಈಗ ಏಳೆಂಟು ಮಾತು ಆಡುತ್ತಾಳೆ. ಅಂಗನವಾಡಿಗೆ ಕರೆದುಕೊಂಡು ಹೋದರೆ, ‘ಮಾತು ಬರಲಿ, ಬಟ್ಟೆ ಒದ್ದೆ ಮಾಡಿಕೊಳ್ಳುವುದು ನಿಲ್ಲಲಿ, ಆಮೇಲೆ ಕರೆತನ್ನಿ, ಈಗ ಸೇರಿಸಿದರೆ ಬೇರೆ ತಾಯಂದಿರು ಏನಾದರೂ ಅಂದಾರು’ ಎಂದು ಟೀಚರ್ ಹೇಳಿದರು. ನನ್ನ ಸೋದರತ್ತೆಯೇ ನನಗೆ ಅತ್ತೆ. ಅವರು ಮಗುವನ್ನು ಮದುವೆ, ನಾಮಕರಣಗಳಿಗೆ ಕರೆದೊಯ್ಯಲು ಬಿಡುವುದಿಲ್ಲ. ಸಂಬಂಧದಲ್ಲಿ ಮದುವೆಯಾಗಿದ್ದಕ್ಕೇ ಹೀಗಾಯಿತು ಎಂದು ನೆಂಟರು ಆಡಿಕೊಳ್ಳುತ್ತಾರೆ. ಮನೆಯಲ್ಲಿ ತೆಲುಗು, ಅಂಗನವಾಡಿಯಲ್ಲಿ ಕನ್ನಡ. ಇಂಥ ಮಗುವಿಗೆ ಎರಡು ಭಾಷೆ ಕಲಿಸಬೇಡಿ ಎಂದೂ ಕೆಲವರು ಹೇಳುತ್ತಾರೆ. ಬೆಂಗಳೂರಿಗೆ ಹೋಗಿ ವಿಶೇಷ ಶಾಲೆಗೆ ಸೇರಿಸುವುದೇ ಸರಿಯೇ?

ಉತ್ತರ: ತಾಯಿ, ನೀವು ಕೇಳಿದ ಪ್ರಶ್ನೆಗಳಲ್ಲಿ ತಡಮಾಡದೆ ಉತ್ತರಿಸಬೇಕಾದದ್ದು ಅಂಗನವಾಡಿಯ ಪ್ರಶ್ನೆ. ನಿಮ್ಮ ಮಗಳನ್ನು ಈ ತಿಂಗಳೇ ಸೇರಿಸಿ. ಮಾತು ಬಂದ ಮೇಲೆ, ಶೌಚದ ಅಭ್ಯಾಸವಾದ ಮೇಲೆ ಎಂದು ಕಾಯಬೇಡಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳು ಸರಾಸರಿ ಎರಡು ವರ್ಷದ ಹೊತ್ತಿಗೆ ನಡೆಯುತ್ತಾರೆ. ಕೆಲವರು ಒಂದೇ ವರ್ಷಕ್ಕೆ ನಡೆದರೆ ಕೆಲವರಿಗೆ ನಾಲ್ಕು ವರ್ಷವೂ ಹಿಡಿಯುತ್ತದೆ. ಅಂದರೆ ನಿಮ್ಮ ಮಗಳ ನಡಿಗೆ ಅವಳ ಕಾಲಕ್ಕೆ ಸರಿಯಾಗಿಯೇ ಬಂದಿದೆ. ಶೌಚದ ಅಭ್ಯಾಸ ಕೆಲವು ಮಕ್ಕಳಿಗೆ ಆರು, ಏಳು ವರ್ಷದವರೆಗೂ ಪೂರ್ತಿ ಬರುವುದಿಲ್ಲ. ಟೀಚರ್ ಹೇಳಿದ ಷರತ್ತು ಪೂರೈಸುವವರೆಗೆ ನೀವು ಕಾದರೆ ಮೂರರಿಂದ ಆರು ವರ್ಷದ ಅಂಗನವಾಡಿಯ ಕಾಲವೇ ಕಳೆದುಹೋಗಿರುತ್ತದೆ. ಮಾತಾಗಲಿ, ಊಟದ ಸಾಲಿನಲ್ಲಿ ಕೂರುವುದಾಗಲಿ, ಚಡ್ಡಿ ಒದ್ದೆಯಾಗುವ ಮೊದಲೇ ಸನ್ನೆ ಮಾಡುವುದಾಗಲಿ, ಇವೆಲ್ಲವನ್ನೂ ಈ ವಯಸ್ಸಿನ ಮಕ್ಕಳು ಬಹುಪಾಲು ಓರಗೆಯ ಮಕ್ಕಳನ್ನು ನೋಡಿ ಕಲಿಯುತ್ತಾರೆ. ಹಾಗಿರುವಾಗ ಆ ಮಕ್ಕಳಿಂದ ದೂರವಿಟ್ಟು ಮನೆಯಲ್ಲೇ ಎಲ್ಲವನ್ನೂ ಕಲಿತು ಬಾ ಎನ್ನುವುದು ಈಜು ಬಂದ ಮೇಲೆ ಬಾವಿಗೆ ಇಳಿ ಎಂದಂತೆ.

ಇನ್ನು ನೆಂಟರ ಮಾತು. ಡೌನ್ ಸಿಂಡ್ರೋಮ್ ನೀವು ಸೋದರತ್ತೆಯ ಮಗನನ್ನು ಮದುವೆಯಾಗಿದ್ದರಿಂದ ಬಂದದ್ದಲ್ಲ. ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದರಿಂದಲೋ, ಏನನ್ನೋ ತಿಂದದ್ದರಿಂದಲೋ ಬಂದದ್ದೂ ಅಲ್ಲ. ನಮ್ಮ ಜೀವಕೋಶಗಳಲ್ಲಿ ಸಾಮಾನ್ಯವಾಗಿ ಅಪ್ಪ ಅಮ್ಮನಿಂದ ಬಂದ ಗುಣಗಳನ್ನು ಹೊತ್ತ 46 ಎಳೆಗಳು, ಅಂದರೆ ವರ್ಣತಂತುಗಳು (ಕ್ರೋಮೋಸೋಮ್) ಇರುತ್ತವೆ. ತಾಯಿಯ ಅಂಡಾಣು ಅಥವಾ ತಂದೆಯ ವೀರ್ಯಾಣು ರೂಪುಗೊಳ್ಳುವಾಗ 21ನೆಯ ವರ್ಣತಂತುವಿನ ಜೋಡಿ ಬೇರ್ಪಡದೆ ಒಟ್ಟಿಗೇ ಉಳಿದರೆ ಮಗುವಿಗೆ 47 ವರ್ಣತಂತುಗಳು ಬರುತ್ತವೆ. ಈ ಸ್ಥಿತಿಯನ್ನು 1866ರಲ್ಲಿ ವಿವರಿಸಿದ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಅವರ ಹೆಸರು ಇದಕ್ಕೆ ಉಳಿದುಕೊಂಡಿತು. ಕಾರಣ ಈ ಹೆಚ್ಚುವರಿ ವರ್ಣತಂತು ಎಂದು 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದರು. ಇದು ಆಕಸ್ಮಿಕವಾಗಿ ನಡೆಯುವಂಥದ್ದು. ತಾಯಿಯ ವಯಸ್ಸು ಏರಿದಂತೆ ಸಂಭವ ಹೆಚ್ಚುತ್ತದೆ ಎನ್ನುವುದು ನಿಜವಾದರೂ, ಹೆಚ್ಚು ಹೆರಿಗೆಗಳು ಆಗುವುದು ಚಿಕ್ಕ ವಯಸ್ಸಿನ ತಾಯಂದಿರಿಗೇ ಆದ್ದರಿಂದ ಇಂಥ ಮಕ್ಕಳಲ್ಲಿ ಬಹಳಷ್ಟು ಮಂದಿ ಅವರ ಮಡಿಲಲ್ಲೇ ಹುಟ್ಟುತ್ತಾರೆ. ಸಂಬಂಧದಲ್ಲಿ ಮದುವೆಯಾದರೆ ಕೆಲವು ಬೇರೆ ಕಾಯಿಲೆಗಳ ಸಂಭವ ಹೆಚ್ಚುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಲೆಕ್ಕವನ್ನು ತಂದು ಈ ಮಗುವಿನ ತಲೆಗೆ ಕಟ್ಟಬಾರದು.

ನಿಮ್ಮ ಅತ್ತೆಯವರ ವಿಚಾರವನ್ನು ನಾನು ಸ್ವಲ್ಪ ಬೇರೆಯಾಗಿ ನೋಡುತ್ತೇನೆ. ಮೊಮ್ಮಗಳನ್ನು ನಾಲ್ಕು ಜನರ ಮುಂದೆ ತರಲು ಹಿಂಜರಿಯುವ ಅಜ್ಜಿಯರನ್ನು ಈ ಸೀಮೆಯಲ್ಲಿ ಬಹಳ ಕಂಡಿದ್ದೇನೆ. ಪಕ್ಕದಲ್ಲಿ ಕೂತು ನಿಧಾನವಾಗಿ ವಿಚಾರಿಸಿದರೆ ಒಳಗಿನ ಭಯ ಹೊರಗೆ ಬರುತ್ತದೆ: ‘ನಾಳೆ ಇವಳ ಅಣ್ಣನಿಗೆ ಯಾರು ಹೆಣ್ಣು ಕೊಡುತ್ತಾರೆ?’ ಈ ಭಯಕ್ಕೆ ಬುದ್ಧಿವಾದ ಹೇಳಿ ಉಪಯೋಗವಿಲ್ಲ. ಇದಕ್ಕೊಂದು ರಕ್ತಪರೀಕ್ಷೆಯ ಉತ್ತರವಿದೆ. ಮಗುವಿನ ವರ್ಣತಂತುಗಳನ್ನು ಎಣಿಸಿ ನೋಡುವ ಕ್ಯಾರಿಯೋಟೈಪ್ ಪರೀಕ್ಷೆ ಆಗಿದೆಯೇ ನೋಡಿ, ಆಗಿರದಿದ್ದರೆ ಮಾಡಿಸಿ. ಸುಮಾರು 95 ಶೇಕಡಾ ಮಕ್ಕಳಲ್ಲಿ 21ನೆಯ ವರ್ಣತಂತು ಬಿಡಿಯಾಗಿ ಒಂದು ಹೆಚ್ಚು ಇರುತ್ತದೆ. ನಿಮ್ಮ ಮಗಳದ್ದೂ ಅದೇ ಬಗೆಯಾದರೆ ಅವಳ ಅಣ್ಣನಿಗೆ ಹುಟ್ಟುವ ಮಕ್ಕಳಿಗೆ ಬೇರೆ ಯಾರ ಮನೆಯ ಮಕ್ಕಳಿಗಿಂತ ಹೆಚ್ಚಿನ ಅಪಾಯವಿಲ್ಲ. ನೂರಕ್ಕೆ ಮೂರು ನಾಲ್ಕು ಮಕ್ಕಳಲ್ಲಿ ಮಾತ್ರ ಆ ಹೆಚ್ಚುವರಿ ಭಾಗ ಇನ್ನೊಂದು ವರ್ಣತಂತುವಿಗೆ ಅಂಟಿಕೊಂಡಿರುತ್ತದೆ. ಆಗ ಅಪ್ಪ ಅಮ್ಮನ ರಕ್ತವನ್ನೂ ಪರೀಕ್ಷಿಸಬೇಕು, ಏಕೆಂದರೆ ಕೆಲವೊಮ್ಮೆ ಇದು ಮನೆತನದಲ್ಲಿ ಸಾಗಿಬಂದಿರಬಹುದು. ವರದಿ ಬಂದ ದಿನ ಅತ್ತೆಯವರನ್ನೂ ಜೊತೆಗೆ ಕರೆದೊಯ್ದು ಅದರ ಅರ್ಥವನ್ನು ಡಾಕ್ಟರ ಬಾಯಿಂದಲೇ ಅವರಿಗೆ ಕೇಳಿಸಿ. ಸೊಸೆ ಹೇಳಿದರೆ ವಾದವಾಗುವ ಮಾತು ಡಾಕ್ಟರು ಹೇಳಿದರೆ ಸಮಾಧಾನವಾಗುತ್ತದೆ. ಆಮೇಲೆ ಮೊದಲು ಒಂದು ಚಿಕ್ಕ ನಾಮಕರಣಕ್ಕೆ, ತೀರಾ ಹತ್ತಿರದವರ ಮನೆಗೆ, ಅವರೇ ಎತ್ತಿಕೊಂಡು ಹೋಗುವ ಹಾಗೆ ಮಾಡಿ.

ಅಂಗನವಾಡಿಗೆ ಕಳಿಸುವುದರ ಜೊತೆಜೊತೆಗೇ ಕೆಲವು ತಪಾಸಣೆಗಳಾಗಬೇಕು. ಆದರೆ ಅವು ಮುಗಿಯಲಿ ಎಂದು ಸೇರಿಸುವುದನ್ನು ಮುಂದೂಡಬೇಡಿ. ಈ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಹೊರನೋಟಕ್ಕೆ ಏನೂ ಕಾಣದಿದ್ದರೂ ಹೃದಯದ ಸ್ಕ್ಯಾನ್ ಆದ ಎಕೋ ಪರೀಕ್ಷೆ ಒಮ್ಮೆ ಆಗಿರಲೇಬೇಕು. ಹೃದಯದಲ್ಲಿ ದೊಡ್ಡ ರಂಧ್ರವಿದ್ದು ಚಿಕಿತ್ಸೆ ತಡವಾದರೆ ಶ್ವಾಸಕೋಶದ ರಕ್ತದೊತ್ತಡ ಏರಿ ಶಸ್ತ್ರಚಿಕಿತ್ಸೆಯೇ ಅಸಾಧ್ಯವಾಗಬಹುದು. ನಿಮ್ಮ ಮಗಳಿಗೆ ಅದು ಆಗಿಲ್ಲವಾದರೆ ಉಳಿದೆಲ್ಲಕ್ಕಿಂತ ಮೊದಲು ಅದನ್ನು ಮಾಡಿಸಿ. ಥೈರಾಯ್ಡ್ ಪರೀಕ್ಷೆ ವರ್ಷಕ್ಕೊಮ್ಮೆ ಬೇಕು. ಕಣ್ಣಿನ ತಪಾಸಣೆಯೂ ಬೇಕು. ಕಿವಿಯ ಬಗ್ಗೆ ಮಾತ್ರ ಸ್ವಲ್ಪ ಒತ್ತಿ ಹೇಳುತ್ತೇನೆ. ಈ ಮಕ್ಕಳ ಕಿವಿಯ ನಾಳ ಕಿರಿದು, ತಮಟೆಯ ಹಿಂದೆ ದ್ರವ ತುಂಬಿಕೊಳ್ಳುವುದು ಸಾಮಾನ್ಯ. ಆಗ ಮಾತು ಅರ್ಧಂಬರ್ಧ ಕೇಳಿಸುತ್ತದೆ, ಶೀತವಾದ ದಿನ ಇನ್ನೂ ಕಡಿಮೆ. ಕರೆದರೆ ತಿರುಗುವುದಿಲ್ಲ ಎಂದು ದೂರು ಕೇಳಿಬಂದ ಮಗು ಹಟಮಾರಿ ಎನಿಸಿಕೊಳ್ಳುವ ಮೊದಲು ಕಿವಿಯ ಪರೀಕ್ಷೆ ಆಗಿರಬೇಕೆಂದು ನಾನು ಎಲ್ಲ ತಾಯಂದಿರಿಗೂ ಹೇಳುತ್ತೇನೆ. ಕತ್ತಿನ ಮೇಲ್ಭಾಗದ ಎರಡು ಮೂಳೆಗಳ ನಡುವಿನ ಕಟ್ಟು ಈ ಮಕ್ಕಳಲ್ಲಿ ಸಡಿಲವಾಗಿರಬಹುದಾದ್ದರಿಂದ ಲಾಗ ಹಾಕಿಸುವುದು, ತಲೆಕೆಳಗೆ ಎತ್ತಿ ಆಡಿಸುವುದು ಬೇಡ. ನಡಿಗೆ ಇದ್ದಕ್ಕಿದ್ದಂತೆ ತಡವರಿಸಿದರೆ, ಕತ್ತು ಒಂದೇ ಕಡೆ ವಾಲಿಸಿಕೊಂಡರೆ, ಬಂದಿದ್ದ ಶೌಚದ ನಿಯಂತ್ರಣ ಮತ್ತೆ ತಪ್ಪಿದರೆ ಕೂಡಲೇ ಆಸ್ಪತ್ರೆಗೆ ಬನ್ನಿ. ಈ ಕತ್ತಿನ ವಿಷಯ ಅಂಗನವಾಡಿಯ ಟೀಚರಿಗೂ ಸಹಾಯಕಿಗೂ ತಿಳಿದಿರಲಿ.

ಇವುಗಳಿಗೆಲ್ಲ ಎಲ್ಲಿಗೆ ಹೋಗಬೇಕು ಎಂದು ಕಂಗೆಡಬೇಡಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣೆ ಮಾಡಬೇಕಾದ ಸ್ಥಿತಿಗಳ ಪಟ್ಟಿಯಲ್ಲೇ ಡೌನ್ ಸಿಂಡ್ರೋಮ್ ಇದೆ. ಅದರ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರಬೇಕು. ಜಿಲ್ಲಾಸ್ಪತ್ರೆಯ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಅವರೇ ಬರೆದುಕೊಡುತ್ತಾರೆ, ಹೃದಯದ ಶಸ್ತ್ರಚಿಕಿತ್ಸೆ ಬೇಕಾದರೆ ಅದೂ ಈ ಯೋಜನೆಯಲ್ಲಿ ಉಚಿತ. ಮಗು ಅಂಗನವಾಡಿಯ ಹಾಜರಿಯಲ್ಲಿದ್ದರೆ ತಂಡದ ಕಣ್ಣಿಗೆ ತಾನಾಗಿಯೇ ಬೀಳುತ್ತದೆ ಎನ್ನುವುದೂ ಬೇಗ ಸೇರಿಸಲು ಒಂದು ಕಾರಣ.

ಈಗ, ಸೇರಿಸಿದ ಮೇಲೆ ಏನಾಗಬೇಕು ಎನ್ನುವುದಕ್ಕೆ ಬರುತ್ತೇನೆ, ಏಕೆಂದರೆ ಹಾಜರಿಯಲ್ಲಿ ಹೆಸರಿದ್ದು ಮೂಲೆಯಲ್ಲಿ ಕೂತು ಬರುವ ಮಗುವನ್ನು ಸೇರಿಸಿಕೊಂಡಿದ್ದಾರೆ ಎಂದು ನಾನು ಹೇಳಲಾರೆ. ಚಿಂತಾಮಣಿ ತಾಲ್ಲೂಕಿನ ಒಂದು ಅಂಗನವಾಡಿಯಲ್ಲಿ ನಾನು ಕಂಡ ನಾಲ್ಕು ವರ್ಷದ ಹುಡುಗನ ಕಥೆ ಕೇಳಿ. ಅವನು ಹಾಡಿನ ಹೊತ್ತಿಗೆ ಎದ್ದು ಹೊಸ್ತಿಲು ದಾಟಿ ಓಡುತ್ತಿದ್ದ, ಸಹಾಯಕಿಯ ಅರ್ಧ ದಿನ ಅವನ ಹಿಂದೆಯೇ ಹೋಗುತ್ತಿತ್ತು. ಅಲ್ಲಿನ ಟೀಚರಮ್ಮ ಮಾಡಿದ್ದು ಬಹಳ ಸರಳ. ತನ್ನ ಬಲಗೈ ಪಕ್ಕದಲ್ಲಿ ಚಾಪೆಯ ಮೇಲೆ ಅವನ ಫೋಟೊ ಅಂಟಿಸಿದ ಒಂದು ರಟ್ಟನ್ನು ಇಟ್ಟು, ಅದು ಅವನ ಜಾಗ ಎಂದು ತೋರಿಸಿದರು. ಊಟದ ಹೊತ್ತಿಗೆ ತಟ್ಟೆ ಹಂಚುವುದು ಅವನ ಕೆಲಸವಾಯಿತು. ಮೊದಲ ವಾರ ಒಂದೊಂದು ತಟ್ಟೆಯನ್ನೂ ಅವನ ಕೈಗೆ ಕೊಟ್ಟು, ಕೊಡಬೇಕಾದ ಮಗುವನ್ನು ಬೆರಳು ಮಾಡಿ ತೋರಿಸಬೇಕಾಗಿತ್ತು. ಅವನು ಕೆಲವು ತಟ್ಟೆಗಳನ್ನು ತನ್ನ ಮುಂದೆಯೇ ಪೇರಿಸಿಕೊಳ್ಳುತ್ತಿದ್ದ. ನಾನು ಹೋದ ದಿನ ಅವನು ಸಾಲಿನ ಕೊನೆಯವರೆಗೂ ಹೋಗಿ, ಒಂದು ತಟ್ಟೆ ಕಡಿಮೆ ಬಿದ್ದದ್ದನ್ನು ಕಂಡು, ಸಹಾಯಕಿಯ ಸೆರಗು ಹಿಡಿದು ಪಾತ್ರೆಯ ಕಡೆಗೆ ಎಳೆದ. ಒಂದು ಮಗುವಿಗೆ ಒಂದು ತಟ್ಟೆ ಎನ್ನುವ ಲೆಕ್ಕ ಅವನಿಗೆ ಬಂದಿತ್ತು, ಬೇಕು ಎಂದು ಇನ್ನೊಬ್ಬರಿಗೆ ತಿಳಿಸುವುದೂ ಬಂದಿತ್ತು. ಅದಕ್ಕಿಂತ ಮುಖ್ಯವಾಗಿ, ಉಳಿದ ಮಕ್ಕಳು ತಟ್ಟೆಗಾಗಿ ಅವನ ಹೆಸರು ಹಿಡಿದು ಕರೆಯುತ್ತಿದ್ದರು. ನಿಮ್ಮ ಮಗಳಿಗೂ ಇಂಥ ಗೊತ್ತಾದ ಒಂದು ಜಾಗ, ದಿನವೂ ಅವಳದೇ ಆದ ಒಂದು ಕೆಲಸ ಕೊಡಿ ಎಂದು ಟೀಚರನ್ನು ಕೇಳಿಕೊಳ್ಳಿ.

ಅವಳು ಕಲಿಯುವ ಬಗೆಯನ್ನೂ ಅವರಿಗೆ ತಿಳಿಸಿ. ಈ ಮಕ್ಕಳಿಗೆ ಕಿವಿಯಲ್ಲಿ ಕೇಳಿದ್ದಕ್ಕಿಂತ ಕಣ್ಣಲ್ಲಿ ಕಂಡದ್ದು ಹೆಚ್ಚು ನಿಲ್ಲುತ್ತದೆ. ಹೀಗಾಗಿ ‘ಚಪ್ಪಲಿ ಬಿಟ್ಟು ಕೈ ತೊಳೆದು ಬಂದು ಕೂತುಕೋ’ ಎಂಬ ಒಂದೇ ಉಸಿರಿನ ಮಾತಿನಲ್ಲಿ ಅವಳಿಗೆ ಬಹುಶಃ ಕೊನೆಯದಷ್ಟೇ ಉಳಿಯುತ್ತದೆ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಜೊತೆಗೆ ಕೈಯಿಂದ ತೋರಿಸಿ, ಆಮೇಲೆ ಸುಮ್ಮನೆ ಕಾಯಬೇಕು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುವಷ್ಟು ಹೊತ್ತು ಕಾಯುವುದು ದೊಡ್ಡವರಿಗೆ ಕಷ್ಟ, ಆದರೆ ಉತ್ತರ ಬರುವುದು ಹೆಚ್ಚಾಗಿ ಆ ಹೊತ್ತಿನಲ್ಲೇ. ನೆಲದ ಮೇಲೆ ಕುಸಿದು ಕೂತು ಏಳಲೊಲ್ಲೆ ಎನ್ನುವುದು ಇವರಲ್ಲಿ ಸಾಮಾನ್ಯ. ಆಗ ರಟ್ಟೆ ಹಿಡಿದು ಎಳೆದರೆ ಅದೇ ಆಟವಾಗುತ್ತದೆ. ಮುಂದಿನ ಕೆಲಸದ ಸಾಮಾನನ್ನು, ಉದಾಹರಣೆಗೆ ಅವಳ ತಟ್ಟೆಯನ್ನು, ಎದುರಿಗೆ ಹಿಡಿದರೆ ಎದ್ದು ಬರುತ್ತಾಳೆ. ಇವರಿಗೆ ಅರ್ಥವಾಗುವುದು ಆಡಿ ತೋರಿಸುವುದಕ್ಕಿಂತ ಎಷ್ಟೋ ಹೆಚ್ಚು. ಏಳೆಂಟು ಮಾತು ಆಡುವ ಮಗಳಿಗೆ ಎಷ್ಟು ಮಾತು ತಿಳಿಯುತ್ತದೆ ಎಂದು ಒಮ್ಮೆ ಎಣಿಸಿ ನೋಡಿ, ನಿಮಗೇ ಆಶ್ಚರ್ಯವಾಗುತ್ತದೆ. ಹಾಲು, ಸಾಕು, ಬೇಕು, ಒಂದಕ್ಕೆ ಎಂಬಂಥ ಮಾತುಗಳಿಗೆ ಮನೆಯಲ್ಲೂ ಅಂಗನವಾಡಿಯಲ್ಲೂ ಒಂದೇ ಕೈಸನ್ನೆ ಬಳಸಿ. ಸನ್ನೆ ಕಲಿತರೆ ಮಾತು ಬರುವುದಿಲ್ಲ ಎಂಬ ಹೆದರಿಕೆ ಬೇಡ, ಸನ್ನೆ ಮಾತಿಗೆ ದಾರಿಯಾಗುತ್ತದೆ.

ಎರಡು ಭಾಷೆಯ ಬಗ್ಗೆ ನಿಮಗೆ ಹೇಳಿರುವುದು ಸರಿಯಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳು ಎರಡು ಭಾಷೆಗಳ ನಡುವೆ ಬೆಳೆದರೆ ಒಂದೇ ಭಾಷೆಯ ಮನೆಯ ಅಂಥದೇ ಮಕ್ಕಳಿಗಿಂತ ಹಿಂದೆ ಬೀಳುವುದಿಲ್ಲ ಎಂಬುದು ಈ ಬಗ್ಗೆ ನಡೆದ ಅಧ್ಯಯನಗಳಿಂದ ತಿಳಿದುಬಂದಿದೆ. ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲುಗಳಲ್ಲಿ ಅಜ್ಜಿಯ ಮಡಿಲಲ್ಲಿ ತೆಲುಗು, ಬೀದಿಯಲ್ಲಿ ಎರಡೂ, ಶಾಲೆಯಲ್ಲಿ ಕನ್ನಡ ಎಂಬುದು ತಲೆತಲಾಂತರದಿಂದ ನಡೆದುಬಂದ ರೂಢಿ. ಮಗುವಿಗಾಗಿ ಮನೆಮಂದಿ ತೆಲುಗು ಬಿಟ್ಟು ತಡವರಿಸುವ ಕನ್ನಡ ಆಡಿದರೆ ಅವಳಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ, ಅಜ್ಜಿ ಮೊಮ್ಮಗಳ ನಡುವೆ ಈಗಾಗಲೇ ಇರುವ ದೂರ ಇನ್ನಷ್ಟು ಬೆಳೆಯುತ್ತದೆ. ನಿಮ್ಮ ಮನೆಯ ಮಾತು ಹಾಗೆಯೇ ನಡೆಯಲಿ. ಅವಳಾಡುವ ಏಳೆಂಟು ಮಾತುಗಳನ್ನೂ ಅವುಗಳ ಅರ್ಥವನ್ನೂ ಒಂದು ಚೀಟಿಯಲ್ಲಿ ಬರೆದು ಟೀಚರಿಗೆ ಕೊಡಿ. ‘ನೀಳ್ಳು’ ಎಂದು ಕೇಳುವ ಮಗು ನೀರು ಕೇಳುತ್ತಿದೆ ಎಂದು ಅವರಿಗೆ ಮೊದಲ ದಿನವೇ ಗೊತ್ತಾಗಲಿ.

ಮನೆಯೊಳಗೂ ಅವಳಿಗೆ ಕೆಲಸವಿರಬೇಕು. ಈ ಮಕ್ಕಳ ಸ್ನಾಯುಗಳಲ್ಲಿ ಬಿಗಿ ಕಡಿಮೆ, ಬೆರಳುಗಳು ಮೆತ್ತಗೆ. ಅದಕ್ಕೆ ದುಬಾರಿ ಆಟಿಕೆ ಬೇಕಿಲ್ಲ. ಅವರೆಕಾಯಿ ಕಾಲದಲ್ಲಿ ನೆನೆಸಿಟ್ಟ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒತ್ತಿ ಸಿಪ್ಪೆಯಿಂದ ಬೇಳೆಯನ್ನು ಚಿಮ್ಮಿಸುತ್ತೀರಲ್ಲ, ಮುಂದೆ ಬಳಪ ಹಿಡಿಯಲು ಬೇಕಾದ ಹಿಡಿತಕ್ಕೆ ಅದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ತಿಳಿದಿಲ್ಲ. ಅಜ್ಜಿ ಹಿದುಕುವಾಗ ಪಕ್ಕದಲ್ಲೇ ಕೂರಿಸಿ. ಬಾಯಿಗೆ, ಮೂಗಿಗೆ ಹಾಕಿಕೊಳ್ಳದಂತೆ ಒಂದು ಕಣ್ಣಿರಲಿ. ಹುಳುಗಳಿಗೆ ಸೊಪ್ಪು ಹಾಕುವಾಗ ಹಿಪ್ಪುನೇರಳೆ ಎಲೆಗಳನ್ನು ಎತ್ತಿ ಕೈಗೆ ಕೊಡಲಿ. ಊಟದಲ್ಲಿ ಮುದ್ದೆ ಇರಲಿ, ಆದರೆ ಮುದ್ದೆಯನ್ನು ನಾವು ನುಂಗುತ್ತೇವೆ, ಅಗಿಯುವುದಿಲ್ಲ. ದವಡೆ ಮತ್ತು ನಾಲಿಗೆಗೆ ಕೆಲಸ ಸಿಗಬೇಕಾದ್ದರಿಂದ ದಿನಕ್ಕೊಮ್ಮೆ ಚಪಾತಿಯ ಚೂರು, ಬೆಂದ ಕ್ಯಾರೆಟ್ಟಿನ ಉದ್ದನೆಯ ತುಂಡು ಇಂಥದ್ದನ್ನು ಅವಳೇ ಕೈಯಲ್ಲಿ ಹಿಡಿದು ತಿನ್ನಲಿ. ಚೆಲ್ಲಿದರೆ ಚೆಲ್ಲಲಿ. ಅಣ್ಣನಿಗೆ ತಂಗಿಯ ಜೊತೆ ಆಡುವುದನ್ನು ಹೇಳಿಕೊಡಿ, ಅವಳನ್ನು ಕಾಯುವ ಕೆಲಸ ಮಾತ್ರ ಅವನಿಗೆ ಹೊರಿಸಬೇಡಿ.

ಬೇರೆ ತಾಯಂದಿರ ಬಗ್ಗೆ ಟೀಚರಿಗಿರುವ ಅಳುಕು ಸುಳ್ಳಲ್ಲ. ಇದು ಅಂಟುತ್ತದೆಯೇ, ಹೊಡೆಯುತ್ತಾಳೆಯೇ, ನಮ್ಮ ಮಗು ಇವಳನ್ನು ನೋಡಿ ಮಾತು ಮರೆತರೆ ಹೇಗೆ ಎಂದು ಕೇಳುವವರಿರುತ್ತಾರೆ. ತಾಯಂದಿರ ಸಭೆ ಸೇರುವ ದಿನ ನೀವೇ ಎದ್ದು ನಿಂತು ಎರಡು ಮಾತು ಹೇಳಿ: ಇದು ಅಂಟುವ ಕಾಯಿಲೆಯಲ್ಲ, ಹುಟ್ಟಿನಿಂದ ಬಂದದ್ದು, ಇವಳು ನಿಧಾನವಾಗಿ ಕಲಿಯುತ್ತಾಳೆ, ಜೊತೆಗೆ ಆಡಿಸಿಕೊಳ್ಳಿ. ಮಕ್ಕಳು ‘ಇವಳು ಯಾಕೆ ಮಾತಾಡಲ್ಲ?’ ಎಂದು ಕೇಳಿದರೆ ಗದರಿಸಿ ಬಾಯಿ ಮುಚ್ಚಿಸಬಾರದು. ‘ಅವಳಿಗೆ ಮಾತು ನಿಧಾನವಾಗಿ ಬರುತ್ತೆ, ನೀನು ತೋರಿಸಿದರೆ ಅರ್ಥವಾಗುತ್ತೆ’ ಎಂಬ ಒಂದು ಸಾಲು ಸಾಕು, ಅವರು ಮುಂದಿನ ಆಟಕ್ಕೆ ಹೋಗಿಬಿಡುತ್ತಾರೆ. ಇನ್ನೊಂದು ಬಗೆಯ ಜನರೂ ಸಿಗುತ್ತಾರೆ. ‘ದೇವರ ಮಗು’ ಎಂದು ಕೈಮುಗಿದು, ಕೇಳಿದ್ದೆಲ್ಲ ಕೊಟ್ಟು, ತಪ್ಪು ಮಾಡಿದರೂ ನಕ್ಕು ಬಿಡುವವರು. ಅವರ ಮನಸ್ಸು ಒಳ್ಳೆಯದೇ, ಆದರೂ ಶಾಪ ಎನ್ನುವವರಷ್ಟೇ ಇವರೂ ಮಗುವನ್ನು ಮಕ್ಕಳ ಸಾಲಿನಿಂದ ಹೊರಗಿಡುತ್ತಾರೆ. ಬೇರೆ ಮಗುವಿನ ಆಟದ ಸಾಮಾನು ಕಿತ್ತುಕೊಂಡರೆ ಇವಳೂ ವಾಪಸ್ ಕೊಡಬೇಕು. ಅವಳಿಗೂ ಕೋಪ, ದುಃಖ, ಅವಮಾನ ಎಲ್ಲವೂ ಆಗುತ್ತವೆ.

ಟೀಚರ್ ಒಪ್ಪದಿದ್ದರೆ ಜಗಳಕ್ಕೆ ಹೋಗುವ ಮುನ್ನ ಒಂದು ಏರ್ಪಾಡು ಮುಂದಿಡಿ. ಮೊದಲ ಎರಡು ವಾರ ದಿನಕ್ಕೆ ಒಂದು ಗಂಟೆ, ನೀವೋ ಅತ್ತೆಯವರೋ ಹೊರಗೆ ಜಗುಲಿಯಲ್ಲಿ ಇರುವುದು. ಚೀಲದಲ್ಲಿ ಒಂದು ಜೊತೆ ಒಣಬಟ್ಟೆ. ಬಂದ ಕೂಡಲೇ ಮತ್ತು ಊಟವಾದ ಕೂಡಲೇ ಒಮ್ಮೆ ಶೌಚಕ್ಕೆ ಕೂರಿಸುವುದು. ಅವರಿಗೂ ಹತ್ತು ಹಲವು ಕೆಲಸಗಳ ಹೊರೆಯಿದೆ. ಇಂಥ ಮಗುವನ್ನು ನೋಡಿಕೊಳ್ಳುವುದು ಹೇಗೆಂದು ಬಹಳ ಮಂದಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಅಂಗವಿಕಲ ಮಕ್ಕಳನ್ನು ಅಂಗನವಾಡಿಯಲ್ಲಿ ಗುರುತಿಸಿ, ಸೇರಿಸಿಕೊಂಡು, ಆಸ್ಪತ್ರೆಗೆ ಕಳಿಸಿಕೊಡುವ ಕ್ರಮವನ್ನು ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2023ರ ನವೆಂಬರ್‌ನಲ್ಲಿ ಹೊರಡಿಸಿದೆ ಎಂಬುದನ್ನು ಅವರಿಗೆ ತಿಳಿಸಿ. ಆದರೂ ಬೇಡವೆಂದರೆ ಮೇಲ್ವಿಚಾರಕಿಯವರಿಗೆ, ನಂತರ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಬರೆದು ಕೊಡಿ. ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ಬರೆಯಲು ನೆರವಾಗುತ್ತಾರೆ, ಅಂಗವಿಕಲರಿಗೆ ಕೊಡುವ ವಿಶಿಷ್ಟ ಗುರುತಿನ ಚೀಟಿಯನ್ನೂ ಮಾಡಿಸಿಕೊಡುತ್ತಾರೆ.

ಕೊನೆಯದಾಗಿ ಬೆಂಗಳೂರು. ಈಗ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ವಾಕ್ ಚಿಕಿತ್ಸೆ, ಫಿಸಿಯೋಥೆರಪಿಗಳಿಗೆ ಆಗಾಗ ಹೋಗಿ ಮನೆಯಲ್ಲಿ ಮಾಡಬೇಕಾದದ್ದನ್ನು ಕಲಿತು ಬಂದರೆ ಸಾಕು. ಅದಕ್ಕಾಗಿ ಸಂಸಾರ ಒಡೆದು, ರೇಷ್ಮೆ ಬಿಟ್ಟು, ಬಾಡಿಗೆ ಮನೆಯ ಒಂದು ಕೋಣೆಯಲ್ಲಿ ತಾಯಿ ಮಗಳಿಬ್ಬರೇ ಇರುವುದರಿಂದ ಮಗುವಿಗೆ ಸಿಗುವುದಕ್ಕಿಂತ ಕಳೆದುಕೊಳ್ಳುವುದು ಹೆಚ್ಚು. ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ ಈ ಸ್ಥಿತಿ ಇದ್ದವರ ಸರಾಸರಿ ಆಯಸ್ಸು 25ರ ಆಸುಪಾಸಿನಲ್ಲಿತ್ತು. ಹೃದಯದ ಚಿಕಿತ್ಸೆ ಸುಧಾರಿಸಿದ ಮೇಲೆ ಈಗ ಅದು 60ರ ಹತ್ತಿರಕ್ಕೆ ಬಂದಿದೆ. ನಿಮ್ಮ ಮಗಳೂ ಹೆಂಗಸಾಗಿ ಬೆಳೆದು ಬಹಳ ಕಾಲ ಬದುಕುವವಳು ಎಂದುಕೊಂಡೇ ಯೋಚಿಸಿ. ಅವಳ ಜೊತೆ ಇಂದು ಚಾಪೆಯ ಮೇಲೆ ಕೂರುವ ಮಕ್ಕಳೇ ನಾಳೆ ಆ ಊರಿನ ಅಂಗಡಿಯವರು, ಬಸ್ಸಿನ ಕಂಡಕ್ಟರು, ಪಂಚಾಯಿತಿ ಸದಸ್ಯರು, ನೆರೆಮನೆಯವರು ಆಗುವವರು. ಅವರಿಗೆ ಇವಳು ಚಿಕ್ಕಂದಿನಿಂದ ಗೊತ್ತಿರಬೇಕು.

ಆರು ವರ್ಷ ತುಂಬುವ ಹೊತ್ತಿಗೆ ಈ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳೋಣ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ 40 ಶೇಕಡಾ ಅಥವಾ ಹೆಚ್ಚಿನ ಅಂಗವೈಕಲ್ಯ ಪ್ರಮಾಣಿತವಾದ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಅಥವಾ ತಾವು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ, ಆಯ್ಕೆ ನಿಮ್ಮದು. ಊರಿನ ಸರ್ಕಾರಿ ಶಾಲೆಗೇ ಸೇರಿಸುವುದಾದರೆ ಜೂನ್ ತಿಂಗಳವರೆಗೆ ಕಾಯದೆ, ಅದಕ್ಕೆ ನಾಲ್ಕೈದು ತಿಂಗಳ ಮೊದಲೇ ಮುಖ್ಯ ಶಿಕ್ಷಕರನ್ನು ಭೇಟಿ ಮಾಡಿ. ಶಿಡ್ಲಘಟ್ಟದ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣಕ್ಕೆಂದೇ, ಅಂದರೆ ಅಂಗವಿಕಲ ಮಕ್ಕಳನ್ನು ಎಲ್ಲರ ಜೊತೆ ಕಲಿಸಲೆಂದೇ, ಇರುವ ಸಂಪನ್ಮೂಲ ಶಿಕ್ಷಕರನ್ನು ಆ ಭೇಟಿಗೆ ಕರೆಸಿಕೊಳ್ಳಿ, ಅಂಗನವಾಡಿ ಟೀಚರನ್ನೂ ಜೊತೆಗೆ ಬರಲು ಕೇಳಿಕೊಳ್ಳಿ. ನಿಮ್ಮ ಮಗಳಿಗೆ ಏನು ಬರುತ್ತದೆ ಎಂದು ಹೊಸ ಶಾಲೆಗೆ ಹೇಳಬಲ್ಲವರು ಆಗ ನಿಮ್ಮ ಜೊತೆ ಅವರೂ ಒಬ್ಬರು ಇರುತ್ತಾರೆ.